ಗಂಟೆ ಬಾರಿಸುವ ಮೊದಲು ‘ಆಯ್ತು’ ಅನ್ನದ ಊರಿನಿಂದ

ಬಾಗಲಕೋಟೆ ಮೇಲೂರು,
ಇಸವಿ ಎರಡು ಸಾವಿರದ ಮುನ್ನೂರ ತೊಂಬತ್ತು, ಹದಿಮೂರನೆಯ ತಿಂಗಳು, ಐದನೆಯ ದಿನ.

ಹತ್ತಾರು ವ್ಯವಸ್ಥೆಗಳನ್ನು ಒಂದಕ್ಕೊಂದು ಜೋಡಿಸುವುದು ಹೇಗೆಂದು ತಲೆ ಕೆಡಿಸಿಕೊಂಡು ಕೂತಿರುವ ಹಿರಿಯರಿಗೆ ದಾನೇಶ್ವರಿ ಮಮದಾಪುರಳ ಶರಣು.

ತಾರೀಖು ನೋಡಿ ನಗಬೇಡಿ. ಬೇಸಿಗೆ ಹಿಗ್ಗುತ್ತಾ ಹೋದಾಗ ನಾವು ಪಂಚಾಂಗಕ್ಕೆ ಇನ್ನೊಂದು ತಿಂಗಳು ಸೇರಿಸಿಕೊಂಡೆವು. ನನ್ನ ಮಾತು ವಿಚಿತ್ರ ಅನಿಸಿದರೆ ಅದಕ್ಕೂ ಕ್ಷಮೆ ಇರಲಿ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಧ್ವನಿಮುದ್ರಣಗಳಿಂದ ಕಲಿತೆ, ಅವುಗಳಲ್ಲಿ ಅರ್ಧಕ್ಕರ್ಧ ಜಾಹೀರಾತು. ನಡುವೆ ಎಲ್ಲಾದರೂ ಸಾಬೂನು ಮಾರುವವಳ ಹಾಗೆ ಮಾತಾಡಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಈ ಓಲೆ ಹಿಂದಕ್ಕೆ ಹೇಗೆ ಬಂತು ಎಂದು ಮಾತ್ರ ಕೇಳಬೇಡಿ, ಅದು ನನಗೂ ಪೂರ್ತಿ ತಿಳಿಯದು.

ನಾನು ಈ ಊರಿನ ನಡುಮನೆ ನೋಡಿಕೊಳ್ಳುವವಳು. ನೀವು ಅಪ್ಲಿಕೇಶನ್ ಸರ್ವರ್ ಅನ್ನುವುದನ್ನೇ ನಾವು ನಡುಮನೆ ಅನ್ನುತ್ತೇವೆ. ಬಂದ ಬೇಡಿಕೆ ಯಾವುದೇ ಇರಲಿ, ಮೊದಲು ಇಲ್ಲಿ ಕೂರಬೇಕು. ಯಾರು, ಏನು, ಯಾಕೆ ಎಂದು ವಿಚಾರಿಸಿಕೊಂಡ ಮೇಲೆಯೇ ಒಳಗಿನ ಕೋಣೆಗಳಿಗೆ ಮಾತು ಹೋಗುತ್ತದೆ. ಬೆಳಗಾದರೆ ಸಾಕು, ಜೋಳದ ಕಣಜ, ಮಗ್ಗದ ಮನೆ, ವೈದ್ಯಶಾಲೆ, ಗಾಳಿದೋಣಿಯ ಕಟ್ಟೆ, ಎಲ್ಲ ಕಡೆಯಿಂದ ಬೇಡಿಕೆಗಳು ಮುಗಿಬೀಳುತ್ತವೆ. ಗಾಳಿದೋಣಿ ಅಂದರೆ ಅನಿಲ ತುಂಬಿದ ಚೀಲದ ಕೆಳಗೆ ತೂಗುವ ವಾಹನ. ಕೆಳಗಿನ ಹಳೆಯ ಊರು ಪೂರ್ತಿ ನೀರಿನಲ್ಲಿದೆ, ಹಾಗಾಗಿ ನಮಗೆ ದೂರದೂರಿಗೆ ಹೋಗಲು ಆಕಾಶವೇ ಹತ್ತಿರದ ದಾರಿ. ಜನ ಕೈಬಳೆಗೆ ಹೇಳುತ್ತಾರೆ, ಗೋಡೆಗೆ ಹೇಳುತ್ತಾರೆ, ಕೆಲವು ಮುದುಕರು ಇನ್ನೂ ನನ್ನ ಬಾಗಿಲಿಗೇ ಬಂದು ಬೈದು ಹೇಳುತ್ತಾರೆ. ಯಾರು ಎಲ್ಲಿಂದ ಕೇಳಿದರೂ ನಡುಮನೆಯ ಕಟ್ಟಳೆ ಒಂದೇ.

ಈಗ ನಾನು ಬೆರಗಾದ ಸಂಗತಿಗೆ ಬರುತ್ತೇನೆ. ಬಳ್ಳಾರಿಯ ಮದ್ದಿನ ಉಗ್ರಾಣವನ್ನು ಇವತ್ತಿಗೂ ನಡೆಸುತ್ತಿರುವುದು ನಿಮ್ಮ ಶತಮಾನದಲ್ಲಿ ಬರೆದ ಸಾಫ್ಟ್‌ವೇರ್! ಮುನ್ನೂರು ವರ್ಷಕ್ಕೂ ಹೆಚ್ಚಾಯಿತು. ಅದನ್ನು ಬಿಚ್ಚಿ ನೋಡುವ ವಿದ್ಯೆ ಈಗ ಯಾರಿಗೂ ಇಲ್ಲ, ಕೈ ಹಾಕುವ ಧೈರ್ಯವಂತೂ ಇಲ್ಲವೇ ಇಲ್ಲ. ಅದಕ್ಕೆ ಅರ್ಥವಾಗುವುದು ತನ್ನ ಹಳೆಯ ಬಗೆಯ ಪ್ರಶ್ನೆ ಮಾತ್ರ. ನಮ್ಮ ಕೈಬಳೆಗಳು ನೇರವಾಗಿ ಕೇಳಿದರೆ ಅದು ಮುಖ ತಿರುಗಿಸುತ್ತದೆ. ಆದರೆ ನಿಮ್ಮಲ್ಲಿ ಯಾರೋ ಅದರ ಮುಂದೆ ಒಂದು ನಡುಮನೆ ಕಟ್ಟಿಟ್ಟಿದ್ದಾರೆ, ಹೊಸ ಮಾತನ್ನು ಹಳೆಯ ಮಾತಿಗೆ ತಿರುಗಿಸಿ ದಾಟಿಸಲು. ಯಂತ್ರ ಎಷ್ಟೋ ಸಲ ಬದಲಾಗಿದೆ, ಕಟ್ಟಳೆ ಮಾತ್ರ ನೀವು ಹಾಕಿದ್ದೇ. ಊಟಕ್ಕೆ ಹೊತ್ತಾಯಿತೆಂದು ಗೊಣಗುತ್ತ ಯಾರೋ ಬರೆದ ಸಾಲುಗಳಿರಬೇಕು ಅವು. ಅಬ್ಬಬ್ಬಾ, ನಿಮ್ಮನ್ನು ನೆನೆದರೆ ನನಗೆ ಮೈ ಜುಮ್ಮೆನ್ನುತ್ತದೆ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಒಂದು ಕೆಲಸಕ್ಕೆ ಎರಡು ಮೂರು ಕಡೆಯ ಒಪ್ಪಿಗೆ ಬೇಕಾದಾಗ, ಎಲ್ಲರೂ ಒಪ್ಪಿದ ಮೇಲೆಯೇ ನಡುಮನೆಯ ಗಂಟೆ ಬಾರಿಸುತ್ತದೆ. ಅಲ್ಲಿಯವರೆಗೆ ಊರಿನಲ್ಲಿ ಯಾರೂ ‘ಆಯ್ತು’ ಅನ್ನಬಾರದು, ‘ಕೇಳಾಕತ್ತೈತಿ’, ಅಂದರೆ ನಡುಮನೆ ಇನ್ನೂ ಕೇಳುತ್ತಿದೆ, ಅನ್ನಬೇಕು. ಮದುವೆ ಮಾತುಕತೆಯಲ್ಲೂ ಹೀಗೇ ಅನ್ನುವ ಮಟ್ಟಕ್ಕೆ ಇದು ಹೋಗಿದೆ. ಒಬ್ಬರು ಒಲ್ಲೆ ಅಂದರೆ ಉಳಿದವರು ಕೊಟ್ಟದ್ದನ್ನೂ ನಡುಮನೆ ಹಿಂದಿರುಗಿಸುತ್ತದೆ, ಏನೂ ಕೇಳಿಯೇ ಇರಲಿಲ್ಲ ಅನ್ನುವ ಹಾಗೆ.

ನಿನ್ನೆ ಈ ಪದ್ಧತಿ ನನ್ನ ಮನೆಯ ಹೊಸ್ತಿಲಿಗೇ ಬಂದು ನಿಂತಿತು. ನನ್ನ ಮೊಮ್ಮಗಳು ಗೌರಾಳಿಗೆ ಉಸಿರು ಕಟ್ಟುವ ಜ್ವರ. ಅದಕ್ಕೆ ಬೇಕಾದ ಹಿಮಮದ್ದು, ಅಂದರೆ ಸದಾ ತಂಪಾಗಿಯೇ ಇರಬೇಕಾದ ಔಷಧ, ಬಳ್ಳಾರಿಯ ಉಗ್ರಾಣದಲ್ಲಿ ಒಂದೇ ಒಂದು ಉಳಿದಿತ್ತು. ಸಂಜೆಯೊಳಗೆ ಬಾರದಿದ್ದರೆ ಮಗು ಉಳಿಯುವುದು ಕಷ್ಟ ಎಂದು ವೈದ್ಯರು ನನ್ನ ಮುಖಕ್ಕೇ ಹೇಳಿಬಿಟ್ಟರು. ಮದ್ದು, ತಂಪುಪೆಟ್ಟಿಗೆ, ದೋಣಿ, ಮೂರೂ ಒಟ್ಟಿಗೆ ಸಿಗಬೇಕು. ಉಗ್ರಾಣ ಕೊಟ್ಟೆ ಅಂದಿತು. ಪೆಟ್ಟಿಗೆಯೂ ಸಿಕ್ಕಿತು. ಕೊನೆಗೆ ಅಲ್ಲಿಯ ಗಾಳಿದೋಣಿಯವರು ಬಿರುಗಾಳಿ ಎದ್ದಿದೆ, ಹಾರಿಸುವುದಿಲ್ಲ ಎಂದರು. ನಡುಮನೆ ಮದ್ದು, ಪೆಟ್ಟಿಗೆ ಎರಡನ್ನೂ ಬಿಟ್ಟುಕೊಟ್ಟಿತು.

ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದ ನನ್ನ ಮಗಳು ಸಂಗವ್ವ ಚೀರಿಕೊಂಡಳು. “ಯವ್ವಾ, ಔಷಧ ಸಿಕ್ಕಿತ್ತಲ್ಲೇ! ಕೈಯಾಗ ಬಂದದ್ದು ಯಾಕ ಬಿಟ್ಟಿ? ನಿನ್ನ ಕಾಲಿಗೆ ಬೀಳ್ತೀನಿ, ಹಿಡಿದಿಡು!”

ಹಿಡಿದಿಡುವ ಅಧಿಕಾರ ನನಗಿತ್ತು. ನನ್ನ ಬೆರಳು ಆ ಗುಂಡಿಯ ಮೇಲೇ ಇತ್ತು. ಬೇರೆ ಯಾರಾದರೂ ಆ ಒಂದು ಮದ್ದನ್ನು ಎತ್ತಿಕೊಂಡುಬಿಟ್ಟರೆ? ಆದರೂ ಒತ್ತಲಿಲ್ಲ. ಹಾರದ ದೋಣಿಯ ಹೆಸರಿಗೆ ಮದ್ದನ್ನು ಕಟ್ಟಿಹಾಕಿದ್ದರೆ, ಆ ಮುದಿ ಉಗ್ರಾಣ ಅದನ್ನು ಕೊಟ್ಟಾಯಿತು ಎಂದೇ ಬರೆದುಕೊಳ್ಳುತ್ತಿತ್ತು; ಆಮೇಲೆ ಯಾವ ದಾರಿಯಿಂದ ಕೇಳಿದರೂ ಇಲ್ಲ ಅನ್ನುತ್ತಿತ್ತು. “ಕೇಳಾಕತ್ತೈತಿ, ತಡಿ ಮಗಳೆ,” ಎಂದೆ. ಅವಳು ನನ್ನನ್ನು ನೋಡಿದ ನೋಟ ಯಾವ ತಾಯಿಗೂ ಬೇಡ.

ನಡುಮನೆ ಮತ್ತೆ ಹೊರಟಿತು. ಈ ಸಲ ದೋಣಿಯ ಬದಲು, ಸುತ್ತಿ ಬಂದರೂ ಸಂಜೆಯೊಳಗೆ ಮುಟ್ಟುವ ಹಳಿಗಾಡಿಯನ್ನು ಕೇಳಿತು. ಗಾಡಿ ಹ್ಞೂಂ ಅಂದಿತು, ಪೆಟ್ಟಿಗೆ ಹ್ಞೂಂ ಅಂದಿತು. ಉಗ್ರಾಣ ತನ್ನ ಕಪಾಟನ್ನು ನೋಡಿತು. ಬಿಟ್ಟುಕೊಟ್ಟ ಮದ್ದು ಅಲ್ಲೇ ಇತ್ತು. ಗಂಟೆ ಬಾರಿಸಿತು. ಕಟ್ಟೆಯ ಮೇಲೆ ಕೂತಿದ್ದ, ನಮ್ಮೂರ ಗಾಳಿದೋಣಿ ನಡೆಸುವ ರಾಜಾಬಕ್ಷ ಎದ್ದುನಿಂತು “ಆಯ್ತೋ ಯಪ್ಪಾ, ಆಯ್ತು!” ಎಂದು ಕೂಗಿದ, ಇಡೀ ಓಣಿ ಕೂಗಿತು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ, ನಾಚಿಕೆ ಏನಿಲ್ಲ.

ಅದಾದ ಮೇಲೆ ನಮ್ಮ ಪಂಚರಿಗೆ ಭಕ್ತಿ ಉಕ್ಕಿಬಿಟ್ಟಿದೆ. ಇವತ್ತು ಬೆಳಿಗ್ಗೆ ಬಂದು, ಮಳೆ ಅಳೆಯುವ ಕೊಳವೆಗೂ ತೋಟದ ನಲ್ಲಿಗೂ ಇರುವ ತಂತಿಯನ್ನು ಸಹ ನಡುಮನೆಯ ಮೂಲಕವೇ ಎಳೆಯೋಣ ಎಂದರು. ಚೆನ್ನಾಗಿ ಉಗಿದು ಕಳಿಸಿದೆ. ಅವೆರಡೇ ಮಾತಾಡಿಕೊಳ್ಳುವುದು, ಅದೂ ಒಂದೇ ಮಾತು; ತಡವಾದರೆ ಬದನೆ ಗಿಡ ಸ್ವಲ್ಪ ಬಾಡುತ್ತದೆ, ಅಷ್ಟೇ. ಅಂಥಲ್ಲಿ ನಡುಮನೆ ಕಟ್ಟಿದರೆ ಅದರ ಕಸ ಗುಡಿಸುವುದೇ ಒಂದು ಕೆಲಸವಾಗುತ್ತದೆ. ದಿನಕ್ಕೊಮ್ಮೆ ಇಲ್ಲಿನ ಲೆಕ್ಕ ಅಲ್ಲಿಗೆ ಮುಟ್ಟಿದರೆ ಸಾಕು ಅನ್ನುವಲ್ಲೂ ಅದು ಬೇಡ. ಕೇಳುವವರು ಹಲವರಾದಾಗ, ಒಂದೇ ಕಟ್ಟಳೆ ಎಲ್ಲರಿಗೂ ಅನ್ವಯಿಸಬೇಕಾದಾಗ, ಮುಟ್ಟಲಾಗದ ಹಳೆಯದೊಂದು ಒಳಗೆ ಕೂತಿರುವಾಗ, ಅರ್ಧ ಆಗಿ ಅರ್ಧ ಬಿಟ್ಟರೆ ಅನಾಹುತವಾಗುವಾಗ ಮಾತ್ರ ಅದು ಬೇಕು.

ನಿಮ್ಮಲ್ಲಿ ನನ್ನ ಬಿನ್ನಹ ಇಷ್ಟೇ. ನೀವು ಈಗ ಯಾವುದೋ ಸಭೆಯಲ್ಲಿ ಕೂತಿದ್ದೀರಿ. ಈಗಿರುವುದು ಮೂರೇ ವ್ಯವಸ್ಥೆ, ನೇರವಾಗಿ ಜೋಡಿಸಿ ಕೈ ತೊಳೆದುಕೊಳ್ಳೋಣ ಎಂದು ಯಾರೋ ಗಡಿಬಿಡಿ ಮಾಡುತ್ತಿದ್ದಾರೆ. ಅವರ ಮಾತಿಗೆ ತಲೆಯಾಡಿಸುವ ಮೊದಲು ಒಂದು ಪ್ರಶ್ನೆ ಕೇಳಿ: ಕೆಲಸ ನಡುವೆ ಮುರಿದುಬಿದ್ದರೆ ಆ ಅರ್ಧವನ್ನು ಕೈಯಲ್ಲಿ ಹಿಡಿದು ಅಳುತ್ತ ನಿಲ್ಲಬೇಕಾದವರು ಯಾರು? ಅಂಥವರು ಯಾರೂ ಇಲ್ಲದಿದ್ದರೆ ತಂತಿ ಎಳೆದು ಹಾಯಾಗಿ ಮನೆಗೆ ಹೋಗಿ. ಇದ್ದರೆ, ನಿಮ್ಮ ದಮ್ಮಯ್ಯ, ನಡುಮನೆ ಬೇಕೆನ್ನುವ ಪಟ್ಟು ಬಿಡಬೇಡಿ.

ಮದ್ದು ಹೊತ್ತಿಗೆ ಮುಟ್ಟಿತು, ಮಗುವಿನ ಜ್ವರ ಇಳಿದಿದೆ. ನನ್ನ ಸೆರಗು ಹಿಡಿದು ಮಲಗಿದ್ದಾಳೆ, ಉಸಿರಾಟ ಸರಾಗವಾಗಿದೆ. ಇಷ್ಟೆಲ್ಲ ಯಾರಿಗಾಗಿ ಎಂದು ಆ ಸಭೆಯಲ್ಲಿ ಯಾರಾದರೂ ಕೇಳಿದರೆ ಇವಳ ಹೆಸರು ಹೇಳಿ. ಗೌರಾ ಅನ್ನಿ.