ಕಡಲಡಿಯ ರೈಲಿನಲ್ಲಿ ಕೈಮುಗಿದದ್ದು

ಸ್ಯಾನ್ ಫ್ರಾನ್ಸಿಸ್ಕೊ ಏರ್‌ಪೋರ್ಟು
೧೨-೯-೧೯೮೫

ತಂಗಿ ಜಲಜಾ,

ಮಂಡಿನೋವು ಕಡಿಮೆಯಾಗಿದೆ, ಊರಿಗೆ ಹೊರಟಿದ್ದೇನೆ. ಬರ್ಕ್ಲಿಯಿಂದ ಮಗಳು ಮೈಥಿಲಿ, ಮೊಮ್ಮಗಳು ಅನಘಾ ನನ್ನನ್ನು ಕಡಲಿನ ಅಡಿಯಲ್ಲಿ ಓಡುವ ರೈಲಿನಲ್ಲಿ, ಅಲ್ಲಿಂದ ಬಸ್ಸಿನಲ್ಲಿ ಕರೆತಂದರು. ರೈಲಿನ ವೇಗಕ್ಕೆ ಕಿವಿ ಗುಂಯ್ ಎಂದಿತು. “ಈಗ ನೀರು ಬಂತಮ್ಮ” ಎಂದಳು ಮೈಥಿಲಿ. ನದಿ ದಾಟುವಾಗ ಹಾಕುವ ಹಾಗೆ ಹಾಕೋಣವೆಂದು ನಾಲ್ಕಾಣೆ ತೆಗೆದೆ. ಕಿಟಕಿ ತೆರೆಯುವುದೇ ಇಲ್ಲ! ಸರಿ, ಕೆಳಗೆ ಬಗ್ಗಿ ಕೈಮುಗಿದೆ. ಅನಘಾ ಬಿದ್ದು ಬಿದ್ದು ನಕ್ಕಳು: “ನೋ ಅಜ್ಜಿ, ವಾಟರ್ ಈಸ್ ಅಪ್ ದೇರ್!” ಹೌದಲ್ಲ ಎಂದು ಎರಡೂ ಕೈ ತಲೆಯ ಮೇಲೆತ್ತಿ ಮುಗಿದೆ. ಪೇಪರ್ ಓದುತ್ತಿದ್ದವರೆಲ್ಲ ನೋಡಿದರು, ನೋಡಲಿ. ಆರು ತಿಂಗಳು ಎಷ್ಟು ಹೇಳಿದರೂ ದೇವರಿಗೆ ಕೈಮುಗಿಯದ ಹುಡುಗಿ ನನ್ನ ಪಕ್ಕದಲ್ಲಿ ತಾನೂ ಕೈ ಎತ್ತಿದಳು. ಇಳಿಯುವಾಗ ಕಾವೇರಿಗೆಂದು ತನ್ನದೊಂದು ಸೆಂಟು ನಾಣ್ಯ ನನ್ನ ಕೈಗಿಟ್ಟಳು.

ಬೊಂಬಾಯಿಯಲ್ಲಿ ಅಣ್ಣನ ಮನೆಯಲ್ಲಿ ಹದಿನೈದು ದಿನ ಇದ್ದು ಬರುತ್ತೇನೆ. ವಿಮಾನಕ್ಕೆ ಕೂಗುತ್ತಿದ್ದಾರೆ, ಸಾಕು. ನನ್ನನ್ನು ಕರೆದೊಯ್ಯಲು ಬೆಂಗಳೂರಿಗೆ ಬಂದಾಗ ಮೈಸೂರು ರೈಲಿನಲ್ಲಿ ಕಿಟಕಿ ಪಕ್ಕವೇ ಜಾಗ ಹಿಡಿ. ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಈ ಸಲ ಎರಡು ನಾಣ್ಯ ಹಾಕಬೇಕು.

ಅಕ್ಕ ಸತ್ಯವತಿ