ಫ್ಲೈವೀಲಿನ ಮೇಲಿನ ಗೀಟು

ಚೂಟಿ ಮಗಳೇ,

ಈ ಕಾಗದ ಓದಿ ಮುಗಿಯುವ ತನಕ ಟ್ರ್ಯಾಕ್ಟರಿನ ಹ್ಯಾಂಡಲ್ ಮುಟ್ಟಬೇಡ. ಕೈಯಲ್ಲಿ ಹಿಡಿದಿದ್ದರೆ ಕೆಳಗಿಡು. ಕ್ಷೇಮ ಸಮಾಚಾರ ಆಮೇಲೆ.

ನೀನು ನಿನ್ನೆ ಬ್ರೆಡ್ ವ್ಯಾನಿನ ಡ್ರೈವರ್ ಕೈಲಿ ಕೊಟ್ಟ ಕಾಗದ ಈಗಷ್ಟೇ ತಲುಪಿತು. "ದೊಡ್ಡಪ್ಪಾ, ನೀವು ಫ್ಲೈವೀಲಿನ ಮೇಲೆ ಕೆತ್ತಿದ ಗೀಟಿಗೇ ಟೈಮಿಂಗ್ ಕೂಡಿಸಿದೀನಿ. ಆದ್ರೂ ಕತ್ತೆ ಥರ ಹಿಂದಕ್ಕೆ ಒದೀತಿದೆ. ನಾಳೆ ಅದಾ ನಾನಾ, ನೋಡೇಬಿಡ್ತೀನಿ" ಎಂದು ಬರೆದಿದ್ದೀಯ. ಆ ನಾಳೆ ಎಂದರೆ ಇವತ್ತು. ನನ್ನ ಕಿವಿಯಂತೂ ಮುಚ್ಚಿಹೋಗಿದೆ; ದೊಡ್ಡಮ್ಮನ ಕೈಲಿ ಮೂರು ಸಲ ಫೋನ್ ಮಾಡಿಸಿದೆ. ಶೆಡ್ಡು ಹೊಕ್ಕರೆ ನೀನು ಫೋನ್ ಎತ್ತುವವಳಲ್ಲ. ಡ್ರೈವರ್ ಮತ್ತೆ ನಿಮ್ಮ ಕಡೆಗೇ ಹೊರಟಿದ್ದಾನೆ. ಟೀ ಕೊಟ್ಟು ಕೂರಿಸಿದ್ದೇನೆ. ಅದು ಮುಗಿಯುವುದರೊಳಗೆ ಇದು ಮುಗಿಯಬೇಕು.

ಒದೆಯುತ್ತಿರುವುದು ಇಂಜಿನ್ ಅಲ್ಲ ಮಗಳೇ, ನನ್ನ ಗೀಟು. ಪಿಸ್ಟನ್ ತುದಿ ಮುಟ್ಟುವ ಮೊದಲೇ ಕಿಡಿ ಹಾರುತ್ತಿದೆ. ಅದಕ್ಕೇ ಅದು ಬಂದ ದಾರಿಯಲ್ಲೇ ಹಿಂದಕ್ಕೆ ನುಗ್ಗಿ ಹ್ಯಾಂಡಲನ್ನು ನಿನ್ನ ಕೈಮೇಲೆ ಬೀಸುತ್ತದೆ.

ಪಿಸ್ಟನ್ ತುದಿಗೆ ಬಂದದ್ದನ್ನು ತೋರಿಸುವ ಕಂಪನಿಯ ಗುರುತು ತುಕ್ಕು ತಿಂದುಹೋದಾಗ ಹೊಸದು ಹಾಕಿದವನು ನಾನು. ಆಗ ನಿನಗಿನ್ನೂ ಹಾಲುಹಲ್ಲು. ಪ್ಲಗ್ಗಿನ ತೂತಿನಲ್ಲಿ ದೊಡ್ಡಮ್ಮನ ಸ್ವೆಟರ್ ಕಡ್ಡಿ ಇಳಿಸಿ, ನಿಮ್ಮಪ್ಪನ ಕೈಲಿ ಮೆಲ್ಲಗೆ ತಿರುಗಿಸಿದೆ. ಕಡ್ಡಿ ಏರಿತು, ನಿಂತಿತು. ನಿಂತದ್ದೇ ತಡ, ಉಳಿಯಲ್ಲಿ ಗೀಟು ಎಳೆದುಬಿಟ್ಟೆ. ತುದಿಗೆ ಬಂದ ಪಿಸ್ಟನ್ ಅಲ್ಲಿ ಒಂಚೂರು ತಂಗುತ್ತದೆ, ಕಡ್ಡಿ ನಿಂತರೂ ಚಕ್ರ ಇನ್ನೂ ತಿರುಗುತ್ತಿರುತ್ತದೆ ಎನ್ನುವುದು ನನಗೆ ಗೊತ್ತಿರಲಿಲ್ಲ. ಯಾರನ್ನಾದರೂ ಕೇಳುವ ಜಾಯಮಾನವೂ ನನ್ನದಲ್ಲ.

ಪ್ಲಗ್ ಹಾಕಿ ತಿರುಗಿಸಿದ ಮೊದಲ ಸಲಕ್ಕೇ ನಿಮ್ಮಪ್ಪನ ಮಣಿಕಟ್ಟು ಮುರಿಯಿತು. ಎಲ್ಲರೂ ಓಡಿಬಂದಾಗ ನನ್ನ ಬಾಯಿಂದ ಬಂದ ಮಾತು, "ಹ್ಯಾಂಡಲಿಗೆ ಹೆಬ್ಬೆರಳು ಸುತ್ತಿ ಹಿಡೀಬೇಡ ಅಂತ ಬಡ್ಕೊಂಡೆ, ಕೇಳಿದ್ನಾ ಇವನು?" ಅವನು ಹಾಗೆ ಹಿಡಿದಿರಲಿಲ್ಲ. ನಾನು ಕಣ್ಣಾರೆ ನೋಡಿದ್ದೆ. ಅವನು ನನ್ನ ಮುಖವನ್ನೇ ನೋಡಿ, "ಹೌದಣ್ಣ, ನಂದೇ ತಪ್ಪು" ಅಂದ.

ಆಮೇಲೆ ಕಿವಿಯ ಅಂದಾಜಿನಲ್ಲಿ ಟೈಮಿಂಗ್ ಸರಿಮಾಡಿದೆ. ಗೀಟನ್ನು ಅಳಿಸಲಿಲ್ಲ. ಅಳಿಸಿದರೆ ಯಾಕೆ ಎಂದು ಯಾರಾದರೂ ಕೇಳುತ್ತಾರಲ್ಲ! ನಿಮ್ಮಪ್ಪನದು ಅಂಗಡಿಗಳ ಬೋರ್ಡ್ ಬರೆಯುತ್ತಿದ್ದ ಕೈ. ಮುರಿದ ಮೇಲೆ ಅಕ್ಷರದ ಸುತ್ತು ಬರದಾಗಿ ಕುಂಚ ಎತ್ತಿಟ್ಟುಬಿಟ್ಟ. ಈಗ ಬೋರ್ಡ್ ಬರೆಯುವವಳು ನೀನು, ಅದೇ ಕುಂಚ ನಿನ್ನ ಕೈಯಲ್ಲಿದೆ.

ಈಗ ಗಮನವಿಟ್ಟು ಓದು. ನಾಲ್ಕೂ ಪ್ಲಗ್ ಬಿಚ್ಚು. ಆಗ ಅದಕ್ಕೆ ಒದೆಯುವ ಶಕ್ತಿ ಇರುವುದಿಲ್ಲ. ಒಂದನೇ ತೂತಿಗೆ ಬೆರಳಿಟ್ಟು ತಿರುಗಿಸು. ಗಾಳಿ ಬೆರಳನ್ನು ತಳ್ಳಿದಾಗ ಕಡ್ಡಿ ಇಳಿಸು. ಕಡ್ಡಿ ನಿಂತಲ್ಲಿ ಚಕ್ರದ ಮೇಲೆ ಸೀಮೆಸುಣ್ಣದ ಗುರುತು. ನನ್ನ ಹಾಗೆ ಅವಸರಪಡಬೇಡ, ತಿರುಗಿಸುತ್ತಲೇ ಇರು. ಕಡ್ಡಿ ಇಳಿಯತೊಡಗಿದಲ್ಲಿ ಇನ್ನೊಂದು. ಎರಡರ ನಟ್ಟನಡುವೆ ಇರುವುದು ನಿಜವಾದ ತುದಿ. ಇನ್ನೆರಡು ಸುತ್ತು ತಿರುಗಿಸಿ ಅಲ್ಲಿಗೆ ತಂದು ನಿಲ್ಲಿಸು. ಲಕೋಟೆಯಲ್ಲಿ ಒಂದು ತೆಳು ಕಾಗದ ಇಟ್ಟಿದ್ದೇನೆ. ಅದನ್ನು ಡಿಸ್ಟ್ರಿಬ್ಯೂಟರಿನೊಳಗೆ ತೆರೆದು ಮುಚ್ಚುವ ಪಾಯಿಂಟಿನ ಬಾಯಿಗೆ ಸಿಕ್ಕಿಸಿ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಬಾ. ಕಾಗದ ಸಡಿಲವಾಗಿ ಕೈಗೆ ಬಂದ ಕ್ಷಣ ಬೋಲ್ಟ್ ಬಿಗಿ ಮಾಡು. ಕಿಡಿ ಹಾರುವುದು ಆ ಕ್ಷಣಕ್ಕೆ.

ಪ್ಲಗ್ ಹಾಕುವ ಮುಂಚೆ ಈ ಕಾಗದವನ್ನು ನಿಮ್ಮಪ್ಪನ ಕೈಗೆ ಕೊಡು. ನನ್ನ ಹಳೆಯ ಗೀಟನ್ನು ಅವನೇ ಅರ ಹಿಡಿದು ಉಜ್ಜಿ ಅಳಿಸಲಿ. ತಪ್ಪು ಗೀಟಿನದೆಂದು ಅವನಿಗೆ ಅವತ್ತೇ ಗೊತ್ತಿತ್ತೋ ಏನೋ. ಇಪ್ಪತ್ತಾರು ವರ್ಷವಾದರೂ ಕೇಳಲು ನನಗೆ ಬಾಯಿ ಬಂದಿಲ್ಲ. ಬೈದರೆ ಒಂದಕ್ಷರ ಬಿಡದೆ ಬರೆದು ಕಳಿಸು.

ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಜೊತೆಗೇ ಇರಲಿ. ಅವತ್ತು ನಾನು ಆಡಿದ್ದರಲ್ಲಿ ಅಷ್ಟು ಮಾತ್ರ ನಿಜ.

ಡ್ರೈವರ್ ಲೋಟ ಕೆಳಗಿಟ್ಟ. ನಿನ್ನ ಮಣಿಕಟ್ಟು ಗಟ್ಟಿಯಾಗಿರಲಿ ಮಗಳೇ, ನೀನು ಎಳೆದ ಗೆರೆ ಯಾರ ಕೈಯನ್ನೂ ಮುರಿಯದಿರಲಿ.

ನಿಮ್ಮಪ್ಪನ ಕೈ ಮುರಿದವನು,
ನಿನ್ನ ದೊಡ್ಡಪ್ಪ