ಅಮರಮ್ಮನ ಎರಡು ಎಕರೆ

ಕುಷ್ಟಗಿ ತಾಲೂಕಿನಿಂದ,
4-8-2025, ಶ್ರಾವಣ ಸೋಮವಾರ

ಮೊಮ್ಮಗಳು ಸಹನಾಗ, ನಿಮ್ಮ ಅಜ್ಜಿ ಕಳಕಮ್ಮ ಅಕ್ಷರ ಕೂಡಿಸಿ ಕೂಡಿಸಿ ಬರದ ಕಾಗದ. ನಾಲ್ಕನೇ ಕ್ಲಾಸಿಗೇ ಸಾಲಿ ಬಿಟ್ಟಾಕಿ ನಾ, ನಗಬ್ಯಾಡ.

ನೀ ಆ ಕಾಂಗೋ ದೇಶದಾಗ, ಶಾಂತಿ ಕಾಯಾಕ ಹೋದ ನಮ್ಮ ಮಿಲಿಟರಿಯವರ ದವಾಖಾನಿಯಾಗ ಗುಂಡು ತಾಗಿದವರ ಗಾಯ ತೊಳೀತಿ. ನೀ ಫೋನಿನಾಗ ಹೇಳಿದ್ದು ನನ್ನ ತಲ್ಯಾಗ ಕುಂತುಬಿಟ್ಟೈತಿ. ಅಲ್ಲಿ ಬಂಡಾಯ ಎದ್ದವರ ಬೆನ್ನಿಗೆ ಪಕ್ಕದ ರುವಾಂಡಾ ಐತಿ ಅಂತ ಕಾಂಗೋದವರು, ಇಲ್ಲ ಅಂತ ರುವಾಂಡಾದವರು. ರಾಜಿ ಮಾತು ಅಮೆರಿಕಾದಾಗ, ಕತಾರದಾಗ. ಎಲ್ಲಾರ ಕಣ್ಣು ಮಾತ್ರ ಆ ನೆಲದ ಗಣಿ ಮ್ಯಾಲ. ನಿನ್ನ ವಾರ್ಡಿನ ಮುದುಕಿ ಕೇಳಿದಳಂತಲ್ಲ, ನಮ್ಮೂರಿನ ಮಾತಿಗೆ ನಮ್ಮನ್ಯಾಕ ಕರೀಲಿಲ್ಲ ಅಂತ. ಇಲ್ಲಿ ಏನಾತು ಕೇಳು.

ಅಮರಮ್ಮ, ನಮ್ಮ ಹೊಲದ ಮಗ್ಗಲಾಕಿ. ಗಂಡ ಸತ್ತ ಮ್ಯಾಲ ಅಕೀ ಎರಡು ಎಕರೆ, ಅದರಾಗಿನ ಬೋರು ನನಗ ಬೇಕಂತ ಈ ಕಡೆ ಮೈದುನ ದ್ಯಾಮಣ್ಣ, ಆ ಕಡೆ ಮೈದುನ ಹುಲಗಪ್ಪ. ಕುಡಗೋಲು ಹಿಡಿದು ನಿಂತರು. ಹುಲಗಪ್ಪನ ತೋಳಿಗೆ ಎಂಟು ಹೊಲಿಗಿ ಬಿದ್ದವು. ರಾಜಿ ಮಾಡಿಸ್ತೀನಂತ ಬಂದಾಂವ ಹಂಪಣ್ಣ. ಹೊಲ ದ್ಯಾಮಣ್ಣಗ ಸಿಕ್ಕರ ಹಂಪಣ್ಣನ ತೋಟಕ್ಕ ಗಾಡಿದಾರಿ ಆಕ್ಕೈತಿ. ಬದು ಕೆಡವಾಕ ದ್ಯಾಮಣ್ಣಗ ಟ್ರ್ಯಾಕ್ಟರ್ ಕೊಟ್ಟಾಂವನೂ ಅವನ!

ಮೊನ್ನೆ ಅಮಾಸಿ ದಿನ ಬಸವಣ್ಣನ ಕಟ್ಟಿ ಮ್ಯಾಲ ಕೂಡಿದರು. ಹಿರ್ಯಾಕಿ ಅಂತ ನನ್ನೂ ಕರೆದಿದ್ದರು. ಹೊಲ ಮೈದುನರಿಗೆ ಎರಡು ಪಾಲು, ತೋಟದ ಮಗ್ಗಲಿನ ಪಾಲು ದ್ಯಾಮಣ್ಣಗ, ಅಮರಮ್ಮಗ ವರ್ಷಕ್ಕ ನಾಲ್ಕು ಚೀಲ ಜ್ವಾಳ ಅಂತ ಹಂಪಣ್ಣ ಓದಿದ. ಅಮರಮ್ಮ ಎಲ್ಲದಾಳ? ಮನ್ಯಾಗ ಚಹಾ ಕಾಸಾಕತ್ತಿದ್ದಳು, ಇವರಿಗೇ!

ನಾ ಎದ್ದೆ. ಏ ಹಂಪಣ್ಣ, ಟ್ರ್ಯಾಕ್ಟರ್ ಕೊಟ್ಟ ಕೈಲೆ ರಾಜಿ ಕಾಗದ ಹಿಡಿಯಾಕ ನಾಚಿಕಿ ಬರಲಿಲ್ಲೇನು ಅಂದೆ. ಟಿವಿ ನೋಡಿ ಮುದುಕಿ ತಲಿ ಕೆಟ್ಟೈತಿ ಅಂದ. ಕೆಟ್ಟರ ಕೆಡಲಿ, ನೀ ಕಟ್ಟಿ ಇಳಿ ಅಂದೆ. ಅಮರಮ್ಮ ತಂದ ಚಹಾದ ತಟ್ಟಿ ಕಸಗೊಂಡು ಅವನ ಕೈಗೆ ಕೊಟ್ಟು, ಅಕೀನ್ನ ನಡುವ ಕುಂದ್ರಿಸಿದೆ. ಅಕೀ ಸೆರಗಿನ ಗಂಟಿನಿಂದ ಪಹಣಿ ತೆಗೆದಳು. ಹೆಸರು ನಂದು, ಕೊಡಂಗಿಲ್ಲ ಅಂದಳು. ಕೂಡಿದ ಮಂದಿ ಹೌದು ಅಂತು. ಕೆಡವಿದ ಬದು ಇದ್ದಲ್ಲೇ ಕಟ್ಟಿಕೊಡ್ತೀವಂತ ಇಬ್ಬರೂ ಮೈದುನರು ಸಹಿ ಹಾಕ್ಯಾರ.

ಅಲ್ಲಿ ರಾಜಿ ಮಾಡಿಸೋ ದೊಡ್ಡ ಮಂದಿಗೆ ಹೇಳು, ಬೇಕಾದ್ರ ನನ್ನ ಕರೆಸಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಜ್ಜಿ,
ಕಳಕಮ್ಮ

ತಾ.ಕ.: ಈ ಕಾಗದದ ಫೋಟೊ ಹೊಡೆದು ಕಳಿಸಾಕಿ ಅಮರಮ್ಮನ ಮಗಳು ಅನ್ನಪೂರ್ಣ. ಓದಿ ನೋಡಿ, ಅಜ್ಜಿ, ಅರ್ಧಾ ಬರದೀಯಲ್ಲ, ಉಳಿದದ್ದು ಬರದರ ಮಾತ್ರ ಫೋಟೊ ಅಂತ ಹಟ ಹಿಡಿದು ಕುಂತಾಳ. ಬರೀತೀನಿ. ಪಹಣಿ ತೋರಿಸಿದ ಮ್ಯಾಲ ಅಮರಮ್ಮ ನನ್ನ ಕಡೆ ತಿರುಗಿದಳು. ಅತ್ತಿ, ಮೂರು ವರ್ಷಾತು, ನನ್ನ ಬೋರಿನ ನೀರು ಪೈಪಿನಾಗ ನಿನ್ನ ದಾಳಿಂಬರಿಗೆ ಹೊಂಟೈತಿ, ನನ್ನ ಒಂದು ಮಾತು ಕೇಳಿದ್ಯೇನು ಅಂದಳು. ಆ ಪೈಪ್ ಹುಲಗಪ್ಪ ಜೋಡಿಸಿ ಕೊಟ್ಟಿದ್ದ. ಅದಕ್ಕ ನಾ ಊರಾಗ ಅವನ ಪರ ಮಾತಾಡ್ತಿದ್ದೆ. ಹಂಪಣ್ಣ ಚಹಾ ಚೆಲ್ಲೋಹಂಗ ನಕ್ಕ. ಅವತ್ತ ಸಂಜಿಗೆ ನಾನ ಪೈಪ್ ಕಿತ್ತೀನಿ. ರವಿವಾರ ಕೊಪ್ಪಳದಿಂದ ಬಂದ ನಿಮ್ಮಪ್ಪ, ನಾಲ್ಕು ಸಾಲು ಗಿಡ ಯಾಕ ಬಾಡ್ಯಾವ ಅಂದ. ರೋಗ ಅಂದೀನಿ. ನೀ ಬಾಯಿ ಬಿಡಬ್ಯಾಡ.